ಉಗಾರದ ಟವರಿನ ಮಧ್ಯಾಹ್ನದ ನಿದ್ದೆ

ಉಗಾರ ಬುದ್ರುಕದ ಮೊಬೈಲ್ ಟವರ್ ನನ್ನ ಉಸ್ತುವಾರಿಯಲ್ಲಿತ್ತು. ಒಂದು ಬೇಸಿಗೆಯಲ್ಲಿ, ಕರೆಂಟು ಉಳಿಸಬೇಕೆಂದು ಆಫೀಸಿನವರು ಹೊಸ ಏರ್ಪಾಟು ಮಾಡಿದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಫೋನ್ ಬಳಕೆ ಕಡಿಮೆಯಿದ್ದರೆ ಟವರಿನಲ್ಲಿ ಸಿಗ್ನಲ್ ಕಳಿಸುವ ನಾಲ್ಕು ರೇಡಿಯೊಗಳಲ್ಲಿ ಮೂರು ತಾವಾಗಿಯೇ ಮಲಗಿಬಿಡುತ್ತಿದ್ದವು. ಉಳಿದ ಒಂದು ಮಾತಾಡಲು ಸಾಕು, ವಿಡಿಯೊಗೆ ಸಾಲದು.

ಮೊದಲ ವಾರವೇ ಪಕ್ಕದ ಕಬ್ಬಿನ ಹೊಲದ ಆಯಿ ನನ್ನನ್ನು ಬೇಲಿಯ ಬಳಿ ಹಿಡಿದರು. ಎಪ್ಪತ್ತು ದಾಟಿದ ಈ ಅಜ್ಜಿ ಊಟವಾದ ಮೇಲೆ ಫೋನಿನಲ್ಲಿ ಮರಾಠಿ ಧಾರಾವಾಹಿ ನೋಡುವವರು.

“ಏ ತಮ್ಮಾ, ಸೊಸಿ ಬಾಯಿ ತೆರದಾಳ, ಮಾತ ಹೊರಗ ಬರವಲ್ದು. ಬರೇ ಚಕ್ರ ತಿರಗಾಕತ್ತೈತಿ. ಏನ್ ಮಾಡ್ದಿ ನಿನ್ನ ಟವರಿಗೆ?”

“ಮಲಗೈತ್ರಿ ಆಯಿ. ಕರೆಂಟ್ ಉಳಸಾಕ.”

“ಹಾಡಹಗಲ ಮಲಗತೈತಿ? ಎಬ್ಬಸೂದು ಹೆಂಗ?”

ಸುಮ್ಮನಿರಬಹುದಿತ್ತು. ನಾಲಿಗೆ ಕೇಳಲಿಲ್ಲ. “ಭಾಳ ಮಂದಿ ಒಮ್ಮೆಲೇ ವಿಡಿಯೊ ಹಚ್ಚಿದ್ರ ತಾನ ಎಚ್ಚರಾಗ್ತೈತ್ರಿ,” ಎಂದುಬಿಟ್ಟೆ.

ಆಯಿ ಸೆರಗು ಸಿಕ್ಕಿಸಿಕೊಂಡು ಊರ ಕಡೆ ನಡೆದರು.

ಹದಿನೈದು ದಿನಕ್ಕೆ ಚಿಕ್ಕೋಡಿಯ ಆಫೀಸಿನಿಂದ ಫೋನ್ ಬಂತು. ಸುತ್ತಲಿನ ಟವರುಗಳೆಲ್ಲ ಮಲಗುತ್ತಿವೆ, ನಿಮ್ಮದೊಂದೇ ಎರಡು ಗಂಟೆಗೆ ಸರಿಯಾಗಿ ಎದ್ದು ಕೂರುತ್ತಿದೆ, ಯಾಕೆ? “ನೋಡಾಕತ್ತೀನ್ರಿ” ಎಂದು ನಾಲ್ಕು ದಿನ ದೂಡಿದೆ. ಐದನೆಯ ದಿನ ಇಂಜಿನಿಯರ್ ಮೇಡಂ ಲ್ಯಾಪ್‌ಟಾಪ್ ಹಿಡಿದು ತಾವೇ ಬಂದರು.

ಎರಡು ಗಂಟೆಗೆ ಅವರನ್ನು ಆಯಿಯ ಪಡಸಾಲೆಗೆ ಕರೆದೊಯ್ದೆ. ಇಪ್ಪತ್ತು ಹೆಂಗಸರು ಕೂತಿದ್ದರು. ತಂಬಿಗೆ, ಡಬ್ಬಿಗಳಿಗೆ ಒರಗಿಸಿಟ್ಟ ಫೋನುಗಳಲ್ಲಿ ಹಾಡು, ಅಡುಗೆ, ಕುಸ್ತಿ ಎಲ್ಲ ಸದ್ದಿಲ್ಲದೆ ಓಡುತ್ತಿದ್ದವು. ಒಬ್ಬರೂ ಅವನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಆಯಿಯ ಫೋನಿನ ಸೊಸೆಯ ಮೇಲೆ.

ಮೇಡಂ ಸಿಟ್ಟಾಗುತ್ತಾರೆಂದು ನಾನು ಬಾಗಿಲಿಗೆ ಹತ್ತಿರವೇ ನಿಂತಿದ್ದೆ. ಅವರು ತುಟಿ ಕಚ್ಚಿ ನಗು ತಡೆದರು. “ಆಯಿ, ಹಿಂಗ ಮಾಡಿದ್ರ ಕರೆಂಟ್ ಹೆಂಗ ಉಳೀತೈತ್ರಿ?”

“ಮುಂಜಾನೆ ನಾವೆಲ್ಲಾ ಹೊಲದಾಗ ಇರ್ತೇವ್ರಿ. ಫೋನ್ ಮುಟ್ಟಾಕ ಪುರಸೊತ್ತಿಲ್ಲ. ಆವಾಗ ಮಲಗಸ್ರಿ. ನಮ್ಮನ್ನ ಒಂದ ಮಾತ ಕೇಳಿದ್ರೇನು ನೀವು?”

ಮೇಡಂ ಅಲ್ಲೇ ಲ್ಯಾಪ್‌ಟಾಪ್ ತೆರೆದರು. ಆಯಿ ಹೇಳಿದ್ದು ಖರೆ. ಎಂಟರಿಂದ ಹನ್ನೊಂದರವರೆಗೆ ಬಳಕೆಯ ಗೆರೆ ನೆಲ ಹಿಡಿದಿತ್ತು. ನಿದ್ದೆಯ ಹೊತ್ತು ಬದಲಾಯಿತು. ಎರಡರ ಬದಲು ಮೂರು ತಾಸು ಸಿಕ್ಕಿತು.

ಅಥಣಿ, ಕಾಗವಾಡದ ಟವರುಗಳನ್ನೂ ಆಯಾ ಊರಿನ ಮಂದಿಯನ್ನು ಕೇಳಿಯೇ ಮಲಗಿಸಬೇಕೆಂದು ಆಮೇಲೆ ಸೂಚನೆ ಹೊರಟಿತು. ತಿಂಗಳ ಸಭೆಯಲ್ಲಿ, ನಾನು ‘ಸ್ಥಳೀಯ ಅಧ್ಯಯನ’ ನಡೆಸಿದೆನೆಂದು ಹಿರಿಯ ಅಧಿಕಾರಿಗಳು ಚಪ್ಪಾಳೆ ಹೊಡೆಸಿದರು. ಮೇಡಂ ನನ್ನತ್ತ ನೋಡಿದರು. ನಾನು ಚಹಾದ ಕಪ್ಪಿನೊಳಗೆ ನೋಡಿದೆ.