ಹುಣಸೆ ಬೀಜಕ್ಕೊಂದು ಸಾಲು

ಮೂರು ಹಳೆಯ ಸ್ವೆಟರಿಗೆ ನಾನು ಕೊಟ್ಟದ್ದು ಒಂದು ಸ್ಟೀಲ್ ಡಬ್ಬಿ. ಮುಚ್ಚಳ ಬಿಗಿಯಾಗಿ ಕೂರುವ, ಎರಡು ಸೇರು ಬೇಳೆ ಹಿಡಿಯುವ, ಮದುವೆಯಲ್ಲಿ ತವರಿನವರು ಕೊಟ್ಟ ಡಬ್ಬಿ. ಊರವರೆಲ್ಲ ಹಳೆ ಬಟ್ಟೆ ಕೊಟ್ಟು ಪಾತ್ರೆ ತಗೊಳ್ಳುತ್ತಿದ್ದರು. ನಾನು ಪಾತ್ರೆ ಕೊಟ್ಟು ಹಳೆ ಬಟ್ಟೆ ತಗೊಂಡೆ. ಬುಟ್ಟಿ ಹೊತ್ತು ಓಣಿಗೆ ಬರುತ್ತಿದ್ದ ಪಾತ್ರೆಯವಳಿಗೇ ನಗು ತಡೆಯಲಿಲ್ಲ. "ಏನವ್ವಾ, ತಲೆ ನೆಟ್ಟಗೈತಾ?" ಅಂದಳು. ನೆಟ್ಟಗೇ ಇತ್ತು. ಅವಳು ಮೊದಲು ಡಬ್ಬಿಗೆ ಒಂದೇ ಸ್ವೆಟರ್ ಅಂದಿದ್ದಳು. ನಾನು ಡಬ್ಬಿಯ ತಳ ಬಡಿದು ಸದ್ದು ಕೇಳಿಸಿದೆ, ಬ್ಯಾಡ ಬಿಡು ಅಂತ ಎದ್ದು ಬಾಗಿಲು ಅರ್ಧ ಮುಚ್ಚಿದೆ. ಮೂರು ಬಂತು.

ಯಾಕೆ ಕೊಟ್ಟೆ ಅಂದರೆ, ಮಗನ ಎದೆಗೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದಾವಣಗೆರೆಯ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮಗಳಿಗೆ ಐದು, ಮಗನಿಗೆ ಎರಡು. ಚಳಿಗಾಲ ಬಂತೆಂದರೆ ಅವನ ಎದೆಯಲ್ಲಿ ಗೊರಗೊರ ಸದ್ದು. ಒಂದು ಸ್ವೆಟರ್ ಬೇಕು ಅಂತ ಕೇಳಿದ್ದಕ್ಕೆ ನಮ್ಮ ಅತ್ತೆ, "ದಾವಣಗೆರೆಯಾಗ ಎಂಥಾ ಚಳಿ? ನಾನು ಐದು ಹಡೆದೆ, ಒಂದಕ್ಕೂ ಸ್ವೆಟರ್ ಹಾಕಿಲ್ಲ" ಅಂದರು. ಆ ಐದರಲ್ಲಿ ಉಳಿದದ್ದು ಎರಡು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಜೀವನದಲ್ಲಿ ನಾನು ಬಿಟ್ಟಿಯಾಗಿ ಬಿಟ್ಟುಕೊಟ್ಟ ಮಾತು ಅದೊಂದೇ.

ಮನೆಯ ದುಡ್ಡೆಲ್ಲ ಅತ್ತೆಯ ಸೊಂಟದ ಚೀಲದಲ್ಲಿತ್ತು. ನಮ್ಮ ಮನೆಯವರು ಮಿಲ್ಲಿನಲ್ಲಿ ದುಡಿದು, ಸಂಬಳದ ಕವರ್ ಒಡೆಯದೆ ತಾಯಿಯ ಕೈಗಿಟ್ಟು, ನನ್ನ ಮುಖ ನೋಡದೆ ಸ್ನಾನಕ್ಕೆ ಹೋಗುವ ಮನುಷ್ಯ. ಮಗಳ ಸ್ಲೇಟು ಒಡೆದರೂ ನಾನು ಆ ಚೀಲದ ಮುಂದೆ ನಿಲ್ಲಬೇಕು. ನಿಂತಾಗಲೆಲ್ಲ ಅತ್ತೆ ಮೊದಲು ಮೂಗು ಒರೆಸಿಕೊಳ್ಳುವರು, ಆಮೇಲೆ ಯಾಕ ಅಂತ ಕೇಳುವರು.

ಹೆಣೆಯುವುದು ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಹರಿಹರದಲ್ಲಿ ನಮ್ಮ ತವರಿನ ಪಕ್ಕದ ಮನೆಗೆ ಕಾರ್ಖಾನೆ ಕೆಲಸಕ್ಕೆಂದು ಉತ್ತರದ ಕಡೆಯವರು ಬಂದಿದ್ದರು. ಆ ಮನೆಯಾಕೆಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಕೈ ನೋಡಿ ಕಲಿತೆ. ಊರು ಬಿಡುವಾಗ ಆಕೆ ಒಂದು ಜೊತೆ ಕಡ್ಡಿ ಕೊಟ್ಟು ಹೋಗಿದ್ದರು.

ಹಳೆ ಸ್ವೆಟರಿನ ಹೆಣಿಗೆ ಬಿಚ್ಚಿದರೆ ಉಲ್ಲನ್ ದಾರ ಮುದ್ದೆಯಾಗಿ, ಸುಕ್ಕುಸುಕ್ಕಾಗಿ ಬರುತ್ತದೆ. ಅಂಟವಾಳದ ನೊರೆಯಲ್ಲಿ ತೊಳೆದು ಒಣಗಿಸಿ ಹಬೆಗೆ ಹಿಡಿದರೆ ನೆಟ್ಟಗಾಗುತ್ತದೆ. ಅದಕ್ಕಂತ ಬೇರೆ ನೀರು ಕಾಯಿಸಿದರೆ ಸೀಮೆಎಣ್ಣೆ ಖರ್ಚು. ಹಾಗಾಗಿ ಅನ್ನದ ಎಸರಿನ ಹಬೆಗೇ ಹಿಡಿದೆ. ಅತ್ತೆ ನೋಡಿಬಿಟ್ಟರು.

"ಯಾವ ಸತ್ತೋನ ಮೈಮ್ಯಾಲಿದ್ದದ್ದೋ ಏನೋ, ಉಣ್ಣೋ ಅನ್ನದ ಮ್ಯಾಲೆ ಹಿಡೀತಿಯಲ್ಲೇ!"

"ಸತ್ತೋರಿಗೆ ಚಳಿ ಆಗಲ್ಲ ಅತ್ತೆ. ನಿಮ್ಮ ಮೊಮ್ಮಗನಿಗೆ ಆಗ್ತೈತೆ ನೋಡ್ರಿ."

ಅಂದು ಅವರು ಅನ್ನ ಮುಟ್ಟಲಿಲ್ಲ. ರೊಟ್ಟಿ ಮಾತ್ರ ನಾಲ್ಕು ಉಂಡರು.

ಎರಡು ಸಣ್ಣ ಮಕ್ಕಳು, ಮೂರು ಹೊತ್ತಿನ ಅಡಿಗೆ, ಅದರ ನಡುವೆ ಹೆಣಿಗೆ. ಹೆಂಗೆ ಮಾಡಿದೆ ಅಂತ ಈಗಿನವರು ಕೇಳುತ್ತಾರೆ. ಮಕ್ಕಳನ್ನು ಕೆಲಸಕ್ಕೆ ಹಚ್ಚಿದೆ, ಅಷ್ಟೇ. ಮಗಳ ಎರಡು ಕೈಗೆ ದಾರದ ಲಡಿ ಹಾಕಿಸಿ ನಾನು ಉಂಡೆ ಸುತ್ತುತ್ತಿದ್ದೆ. ಮಗನ ಮುಂದೆ ಅವರೆಕಾಯಿ ಸುರಿದರೆ ಸುಲಿಯುತ್ತ ಕೂರುತ್ತಿದ್ದ. ಕಾಳು ನೆಲಕ್ಕೆ, ಸಿಪ್ಪೆ ಬಟ್ಟಲಿಗೆ. ಆರಿಸಿಕೊಳ್ಳುವುದು ನನಗೆ ಎರಡನೇ ಕೆಲಸ, ಆದರೆ ಅರ್ಧ ತಾಸು ಅವನು ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಅಡಿಗೆಮನೆಯಲ್ಲಿ ಗಡಿಯಾರವಿಲ್ಲ. ಮಿಲ್ಲಿನ ಸೈರನ್ ಪಾಳಿಗೊಮ್ಮೆ ಕೂಗಿದರೆ ಬೇಳೆಗೇನು ಉಪಯೋಗ? ಕುಕ್ಕರ್ ಸಿಡಿದು ಹೆಂಗಸರು ಸಾಯುತ್ತಾರೆ ಅಂತ ಅತ್ತೆ ಅದನ್ನು ಹೊಸಲು ದಾಟಿಸಿರಲಿಲ್ಲ. ಅದಕ್ಕೆ ನಾನೇ ಒಂದು ಲೆಕ್ಕ ಕಟ್ಟಿದೆ. ಬೇಳೆ ಕುದಿ ಹತ್ತಿದ ಮೇಲೆ ಪಡಸಾಲೆಗೆ ಬಂದು ಹೆಣೆಯಲು ಕೂರುವುದು. ಒಂದು ಸಾಲು ಮುಗಿದರೆ ಮಗಳು ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕುವುದು. ಹನ್ನೆರಡು ಬೀಜ ಬಿತ್ತೆಂದರೆ ಬೇಳೆ ಬೆಂದಿದೆ. ಅನ್ನಕ್ಕೆ ಏಳು. ಹುರುಳಿಗೆ ಇಪ್ಪತ್ತಾರು. ಒಂದು ದಿನವೂ ತಪ್ಪಲಿಲ್ಲ. ಮಗಳು ಹನ್ನೆರಡರ ತನಕ ಎಣಿಸುವುದನ್ನು ಕಲಿತದ್ದು ಶಾಲೆಯಲ್ಲಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ಮಗನ ಸ್ವೆಟರ್ ಮುಗಿಯಿತು. ಕಂದು ಮೈ, ಹಸಿರು ತೋಳು. ಅವನು ಹಾಕಿಕೊಂಡು ಓಣಿಗೆ ಹೋದ ಮಾರನೇ ದಿನವೇ ಇಬ್ಬರು ತಾಯಂದಿರು ತಮ್ಮ ಮಕ್ಕಳಿಗೂ ಬೇಕು ಅಂತ ಬಂದರು. ಉಲ್ಲನ್ ಅವರದು, ಕೂಲಿ ನನಗೆ. ಆಗ ಅತ್ತೆ ಎದ್ದು ನಿಂತರು.

"ಮನೀ ಸೊಸಿ ಕಂಡೋರ ಮಕ್ಕಳಿಗೆ ಹೆಣೆದು ರೊಕ್ಕ ಎಣಿಸ್ತಾಳಂತೆ! ಕಡ್ಡಿ ಆಡಿಸ್ಕಂತ ಕುಂತ್ರೆ ಅಡಿಗೆ ಯಾರು ನೋಡ್ತಾರೆ?"

"ಇಷ್ಟು ದಿನ ಯಾರು ನೋಡಿದ್ರು? ಒಂದು ಹೊತ್ತು ಕೆಟ್ಟೈತಾ?"

"ಕೆಡುತ್ತೆ. ಕೆಟ್ಟ ದಿನ ಆ ಕಡ್ಡಿ ನನ್ನ ಟ್ರಂಕಿಗೆ."

"ಕೆಡಲಿಲ್ಲಂದ್ರೆ?"

ಅವರು ಮೂಗು ಒರೆಸಿಕೊಂಡರು. ನಾನೇ ಹೇಳಿದೆ. "ಎಳ್ಳಮಾವಾಸ್ಯೆತನಕ ನೋಡ್ರಿ. ಒಂದು ಹೊತ್ತೂ ಕೆಡಲಿಲ್ಲಂದ್ರೆ ನಾನು ಯಾರಿಗೆ ಹೆಣೀತೀನಿ, ಬಂದದ್ದನ್ನ ಏನು ಮಾಡ್ತೀನಿ, ಯಾರೂ ಕೇಳಬಾರದು."

ನಮ್ಮ ಮನೆಯವರು ಗೋಡೆಗೊರಗಿ ಕೂತಿದ್ದವರು, "ಇದೇನು ಮನೇನೋ, ಮಂಡಿಪೇಟೆನೋ?" ಅಂದರು.

"ಮಂಡಿಪೇಟೆಯಾಗಾದ್ರೆ ನಿಯತ್ತು ಇರುತ್ತೆ" ಅಂದೆ. ಅತ್ತೆ "ಆತು" ಅಂದರು. ಆ ಒಂದು ಮಾತಿನ ಮೇಲೆ ನನ್ನ ಸ್ವಂತ ದುಡಿಮೆ ನಿಂತಿತ್ತು. ಗೆದ್ದರೆ ಇನ್ನು ಮೇಲೆ ಆ ಸೊಂಟದ ಚೀಲದ ಮುಂದೆ ನಿಲ್ಲುವುದಿಲ್ಲ. ಸೋತರೆ ಸಾಯುವತನಕ ನಿಲ್ಲಬೇಕು.

ಮಕ್ಕಳ ಎರಡು ಸ್ವೆಟರೂ ಮುಗಿದವು. ಸಾರು ಕೆಡಲಿಲ್ಲ, ಅನ್ನ ಹತ್ತಲಿಲ್ಲ. ಅತ್ತೆ ದಿನಾ ಪಾತ್ರೆಯ ತಳಕ್ಕೆ ಸೌಟು ಹಾಕಿ ಕೆರೆದು ನೋಡುವರು. ಎಳ್ಳಮಾವಾಸ್ಯೆಗೆ ಹನ್ನೊಂದು ದಿನ ಇರುವಾಗ ಓಣಿ ತುದಿಯ ಕಾಳಿನ ವ್ಯಾಪಾರಿಯ ಹೆಂಡತಿ ಬಂದರು. ಅವರ ಗಂಡ ಬೆಳಗಿನ ಜಾವ ಮಲೆಬೆನ್ನೂರಿನ ಕಡೆ ಭತ್ತಕ್ಕೆ ಹೋಗುವವರು, ದಪ್ಪ ಆಳು. ಅವರಿಗೊಂದು ತುಂಬುತೋಳಿನ ಸ್ವೆಟರ್ ಬೇಕು. ಉಲ್ಲನ್ ತರಲು ಆಕೆಯ ಜೊತೆ ನಾನೇ ಪೇಟೆಗೆ ಹೋದೆ.

ಅಂಗಡಿಯ ಸಾಹೇಬರು, "ಅಸಲಿ ಮಾಲ್ ಐತಕ್ಕಾ, ಇದಕ್ಕಿಂತ ಕಮ್ಮಿ ಮಾಡಿದ್ರೆ ನನಗೆ ನುಕ್ಸಾನ್" ಅಂದರು.

"ನುಕ್ಸಾನ್ ಆಗೋದಾದ್ರೆ ದಿನಾ ಬಾಗಿಲು ಯಾಕ ತೆಗೀತೀರಿ?"

"ನಿಮ್ಮಂಥೋರ ಬಾಯಿ ಕೇಳೋಕ್ರೀ" ಅಂದು ಇಳಿಸಿದರು. ಉಳಿದ ಉಂಡೆ ವಾಪಸ್ ತಗೊಳ್ಳುತ್ತೇನೆ ಅಂತಲೂ ಒಪ್ಪಿಸಿಕೊಂಡೆ. ಎಷ್ಟು ಜಾಣೆ ನೋಡಿ ನಾನು! ಅಷ್ಟು ಜಾಣೆ ಮಾರನೇ ವಾರ ಮಾಡಿದ ತಪ್ಪು ನನ್ನಂಥವಳು ಮಾತ್ರ ಮಾಡುವಂಥದು.

ಸ್ವೆಟರಿನ ಕೆಳಗಿನ ಪಟ್ಟಿಯ ಕೆಲಸ ಹಿಂದಿನ ದಿನಗಳಲ್ಲೇ ಮಧ್ಯಾಹ್ನ ಮಕ್ಕಳು ಮಲಗಿದಾಗ ಮುಗಿಸಿದ್ದೆ. ಬೆನ್ನಿನ ಭಾಗವನ್ನು ಅಡಿಗೆ ಹೊತ್ತಿಗೆ ಹಿಡಿದದ್ದು ಅಂದೇ ಮೊದಲು. ಬೇಳೆ ಕುದಿಗೆ ಬಂತು. ಪಡಸಾಲೆಗೆ ಬಂದು ಕೂತೆ. ಮಗಳು ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಒಂದು ಸಾಲು, ಒಂದು ಬೀಜ. ನನ್ನ ತಲೆಯಲ್ಲಿದ್ದದ್ದು ಹನ್ನೆರಡು ಅನ್ನುವ ಅಂಕಿ ಮಾತ್ರ. ಮಗುವಿನ ಸ್ವೆಟರಿಗೆ ಒಂದು ಸಾಲೆಂದರೆ ನಲವತ್ತು ಕುಣಿಕೆ. ಆ ದಪ್ಪ ಮನುಷ್ಯನ ಬೆನ್ನಿಗೆ ನೂರಾಹದಿನಾಲ್ಕು. ಹನ್ನೆರಡು ಸಾಲು ಮುಗಿಯುವಷ್ಟರಲ್ಲಿ ಬೇಳೆ ಮೂರು ಸಲ ಬೆಂದಿರಬೇಕು. ಒಂಬತ್ತನೇ ಬೀಜ ಬಿದ್ದ ಮೇಲೆ ವಾಸನೆ ಬಂತು. ಓಡಿದೆ. ಪಾತ್ರೆಯ ತಳದಲ್ಲಿ ಕರಿ ಹಕ್ಕಳೆ, ಮೇಲೆ ಹೊಗೆ.

ಒಲೆಯಿಂದ ಎರಡು ಮಾರು ದೂರದಲ್ಲಿ ಅತ್ತೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ವಾಸನೆ ಬರಲಿಲ್ಲೇನ್ರಿ?"

"ಬಂತು."

"ಇಳಿಸಬಾರದಿತ್ತಾ?"

"ಮಾತು ಕಟ್ಟಿದೋಳು ನೀನು. ಒಲೆ ನಿಂದು, ಬೇಳೆ ನಿಂದು. ನಾನ್ಯಾಕ ಕೈ ಹಾಕ್ಲಿ?"

ಮಧ್ಯೆ ಒಮ್ಮೆ ನೀರು ಕುಡಿಯಲು ಒಳಗೆ ಹೋಗಿಬಂದಿದ್ದ ಮಗಳು ಹಿಂದಿನಿಂದ ಹೇಳಿದಳು: "ಅವ್ವಾ, ನಾನು ಹೊಗೆ ಬರ್ತೈತೆ ಅಂದೆ. ಅಜ್ಜಿ ಸುಮ್ನಿರು, ಬೀಜ ಎಣಿಸು ಹೋಗು ಅಂದ್ಲು."

ವ್ಯಾಪಾರದ ಕಣ್ಣಿಂದ ನೋಡಿದರೆ ಅತ್ತೆಯ ಮಾತಿನಲ್ಲಿ ತಪ್ಪಿಲ್ಲ. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅವರು ಕೈ ಒರೆಸಿಕೊಂಡು ಪಡಸಾಲೆಗೆ ಬಂದರು. ನಾನು ಕೆಳಗಿಟ್ಟಿದ್ದ ಹೆಣಿಗೆಯನ್ನು ಎತ್ತಿದರು. ಎರಡು ಕಡ್ಡಿಯನ್ನೂ ಸರ್ರನೆ ಎಳೆದುಕೊಂಡರು. ಹೆಣೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೆಣೆಯದವರಿಗೆ ಹೇಳುತ್ತೇನೆ. ಕಡ್ಡಿಯೇ ಕುಣಿಕೆಗಳ ಜೀವ. ಅದನ್ನು ಎಳೆದರೆ ನೂರಾಹದಿನಾಲ್ಕು ಕುಣಿಕೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ. ಒಂದು ಜಗ್ಗಿದರೆ ಮೇಲಿನಿಂದ ಕೆಳಗಿನ ತನಕ ಬಿಚ್ಚುತ್ತದೆ. ಕಡ್ಡಿ ಟ್ರಂಕಿಗೆ ಹೋಯಿತು, ಬೀಗ ಬಿತ್ತು. ನಾನು ಅಳುತ್ತ ಕೂರಲಿಲ್ಲ. ಹೊಲಿಯುವ ಸೂಜಿಗೆ ದಾರ ಪೋಣಿಸಿ, ಒಂದೊಂದೇ ಕುಣಿಕೆ ಹಿಡಿದೆ. ಮಗನನ್ನು ಮಗಳು ಎತ್ತಿಕೊಂಡು ಹೊರಗೆ ನಿಂತಿದ್ದಳು. ಮೂರು ಬಿಟ್ಟು ಉಳಿದವೆಲ್ಲ ಸಿಕ್ಕವು.

ಮಧ್ಯಾಹ್ನ ನಮ್ಮ ಮನೆಯವರು ಬಂದು ಉಪ್ಪಿನಕಾಯಿ ಜೊತೆ ಅನ್ನ ಉಂಡು, "ಮಾತಂದ್ರೆ ಮಾತು. ಅವ್ವ ಹೇಳಿದಂಗೆ ಬಿಟ್ಟುಬಿಡು" ಅಂದರು. ಅವರು ಮಿಲ್ಲಿಗೆ ಹೋದ ಮೇಲೆ ನಾನು ಎರಡು ಮಕ್ಕಳು, ಒಂದು ಚೀಲ, ದಾರ ಪೋಣಿಸಿದ ಸ್ವೆಟರಿನ ಬೆನ್ನು ಎತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ.

ತವರಿನಲ್ಲಿ ಆರತಿ ಎತ್ತಿ ಕರೆದರು ಅಂದುಕೊಳ್ಳಬೇಡಿ. ನಮ್ಮವ್ವ ಬಾಗಿಲಲ್ಲೇ, "ಅವನು ಕಳಿಸಿದ್ನೋ, ನೀನೇ ಬಂದ್ಯೋ? ಎಷ್ಟು ದಿನ?" ಅಂದಳು. ಅವಳ ಜೊತೆಗೂ ಕುದುರಿಸಬೇಕಾಯಿತು. ಇರುವಷ್ಟು ದಿನ ಅಡಿಗೆಯೆಲ್ಲ ನಂದು, ಹೊಳೆಯಲ್ಲಿ ಬಟ್ಟೆ ಒಗೆಯುವುದೂ ನಂದು. "ಸರಿ, ಒಳಗೆ ಬಾ" ಅಂದಳು. ಹೆಣಿಗೆಗೆಂದು ಸೈಕಲ್ ಅಂಗಡಿಯಲ್ಲಿ ಚಕ್ರದ ಎರಡು ಕಡ್ಡಿ ಕತ್ತರಿಸಿ ತುದಿ ಉಜ್ಜಿಸಿಕೊಂಡು ಬಂದೆ. ತವರಿನ ಒಲೆಯಲ್ಲಿ ಇನ್ನೊಂದು ವಿಷಯ ಕಂಡೆ: ನಮ್ಮ ಓಣಿಯ ಬೋರಿನ ನೀರಿಗಿಂತ ಹೊಳೆ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ. ನನ್ನ ಹನ್ನೆರಡು ಅನ್ನುವ ಅಂಕಿ ಒಂದು ಒಲೆಗೆ, ಒಂದು ನೀರಿಗೆ, ಹೆಣಿಗೆಯ ಒಂದು ಅಗಲಕ್ಕೆ ಮಾತ್ರ ಸರಿ ಇತ್ತು. ನಾನು ಅದನ್ನು ಶಾಸ್ತ್ರ ಅಂದುಕೊಂಡಿದ್ದೆ.

ಐದನೇ ದಿನ ನಮ್ಮ ಮನೆಯವರು ಬಂದರು. "ನಡಿ, ಅವ್ವಗೆ ಮೈ ಹುಷಾರಿಲ್ಲ. ರೊಟ್ಟಿ ಬಡಿಯೋರಿಲ್ಲ."

"ಬರ್ತೀನಿ. ಬ್ಯಾರೆ ಒಲೆ ಹೂಡಿಕೊಡ್ರಿ. ಸಂಬಳದಾಗ ನನ್ನ ಮಕ್ಕಳ ಪಾಲು ನನ್ನ ಕೈಗೆ."

"ಒಂದೇ ಮನ್ಯಾಗ ಎರಡು ಹೊಗೆ ಎದ್ರೆ ಓಣಿ ಏನಂತೈತೆ?"

"ಓಣಿಗೆ ಸ್ವೆಟರ್ ಬೇಕಾಗೈತೆ. ಏನೂ ಅನ್ನಲ್ಲ."

ಎದ್ದು ಹೋದರು. ನಮ್ಮವ್ವ ತಲೆ ಚಚ್ಚಿಕೊಂಡಳು, ನನ್ನನ್ನು ಬೈದಳು, ಮಗಳ ಮುಂದೆಯೇ ಬೈದಳು. ನಾನು ತೋಳು ಹೆಣೆಯುತ್ತಿದ್ದೆ. ಎಳ್ಳಮಾವಾಸ್ಯೆ ಅಲ್ಲೇ ಕಳೆಯಿತು. ಮೂರು ದಿನ ಬಿಟ್ಟು ನಮ್ಮ ಮನೆಯವರು ಮತ್ತೆ ಬಂದರು. ಈ ಸಲ ಕೂರಲಿಲ್ಲ. ನಿಂತೇ, "ನಿನ್ನ ಒಲೆಗೆ ಹಿತ್ತಲ ಸೌದೆ ಶೆಡ್ಡು ಖಾಲಿ ಮಾಡಿಸೀನಿ" ಅಂದರು. ಸ್ವೆಟರ್ ಆಗ ಮುಗಿದಿತ್ತು.

ಆ ತಗಡಿನ ಶೆಡ್ಡಿನಲ್ಲಿ ಬೇಸಿಗೆಯಲ್ಲಿ ಬೆಂದೆ, ಮಳೆಗಾಲದಲ್ಲಿ ನೆನೆದೆ, ಎಂಬತ್ತರ ದಶಕ ಪೂರ್ತಿ ಅಲ್ಲೇ ಹೆಣೆದೆ. ಅತ್ತೆ ಸಾಯುವತನಕ ನನ್ನ ಒಲೆಯ ನೀರೂ ಮುಟ್ಟಲಿಲ್ಲ. ಮುಟ್ಟಿರಿ ಅಂತ ನಾನೂ ಅನ್ನಲಿಲ್ಲ. ಮುದಿತನದಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಅತ್ತೆವು ಅಂತ ಬರೆದರೆ ಓದುವವರಿಗೆ ಹಿತವಾದೀತು, ಆಗಲಿಲ್ಲ, ಬರೆಯುವುದಿಲ್ಲ.

ಈಗ ನಿಮಗೆ ನಾಲ್ಕು ಮಾತು. ಒಲೆಯ ಮೇಲೆ ಬೇಳೆ ಇಟ್ಟು ಹೆಣೆಯಲು ಕೂರುವವರು ಸಾಲು ಎಣಿಸಬೇಡಿ. ನಡುನಡುವೆ ಎದ್ದು ಹೋಗಿ ಒಂದು ಕಾಳು ಬೆರಳಲ್ಲಿ ಹಿಚುಕಿ ನೋಡಿ. ಕೆಲಸ ಕೆಳಗಿಡುವಾಗ ಕಡೆಯ ಸಾಲಿಗೆ ಒಂದು ದಾರ ಪೋಣಿಸಿ ಇಡಿ. ಕಡ್ಡಿ ಯಾರು ಎಳೆದರೂ ಕುಣಿಕೆ ನಿಮ್ಮದೇ. ಮನೆಯವರ ಜೊತೆ ಪಂಥ ಕಟ್ಟಲೇಬೇಕಾಗಿ ಬಂದರೆ, ನೀವು ಸೋತರೆ ಯಾರಿಗೆ ಲಾಭವೋ ಅವರನ್ನು ಒಲೆಯ ಹತ್ತಿರ ಕೂರಿಸಿ ಎದ್ದು ಬರಬೇಡಿ. ಇನ್ನು ಬೇರೆ ಒಲೆ ಕೇಳುವುದಾದರೆ ಅವರ ಮನೆಯ ಪಡಸಾಲೆಯಲ್ಲಿ ನಿಂತು ಕೇಳಬೇಡಿ. ಬಸ್ಸು ಹತ್ತಿ ಹೋಗಿ, ಅವರು ಬರಲಿ. ಮೊದಲ ಸಲ ಬಂದವರಿಗೆ ಚಹಾ ಕೊಟ್ಟು ಕಳಿಸಿ. ಎರಡನೇ ಸಲ ನಿಂತೇ ಮಾತಾಡುತ್ತಾರೆ. ಆಗ ಚೀಲ ಕಟ್ಟಿ.