ಅಪ್ಪ ಬಡಿದ ರೊಟ್ಟಿ

ಮಸ್ಕಿ ಇನ್ನೂ ತಾಲೂಕು ಆಗಿರದ ಕಾಲ ಅದು. ನಮ್ಮ ಓಣಿಯಲ್ಲಿ ಬೆಳಗಿನ ನಾಷ್ಟಾ ಎಂದರೆ ಸುಸಲಾ. ನಿನ್ನೆಯೂ ಸುಸಲಾ, ನಾಳೆಯೂ ಸುಸಲಾ. ಮಂಡಕ್ಕಿಯನ್ನು ನೀರಲ್ಲಿ ತೋಯಿಸಿ, ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿ ಉದುರಿಸಿದರೆ ಆಯಿತು. ಶ್ರಾವಣದಲ್ಲಿ ನಾಗಪಂಚಮಿಯ ಹಿಂದಿನ ದಿನ ಮಾತ್ರ ಸುಸಲಾಕ್ಕೆ ರಜೆ. ಅವತ್ತು ರೊಟ್ಟಿ ಹಬ್ಬ. ಪಂಚಮಿಯ ದಿನ ಒಲೆಯ ಮೇಲೆ ಹೆಂಚು ಇಡುವಂತಿಲ್ಲ. ಹಾಗಾಗಿ ಹೆಂಚಿನ ಆಸೆಯನ್ನೆಲ್ಲ ಒಂದು ದಿನ ಮುಂಚೆಯೇ ತೀರಿಸಿಕೊಳ್ಳುತ್ತಿದ್ದೆವು.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಟಕ್ಕನೆ ಮುರಿಯುವ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಕೆನೆಮೊಸರು. ಇವನ್ನು ತಟ್ಟೆಗೆ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಓಣಿಯ ಮನೆಮನೆಗೆ ಕೊಟ್ಟುಬರಬೇಕು. ಹೋದ ತಟ್ಟೆ ಖಾಲಿ ಬರುವಂತಿಲ್ಲ, ಅವರ ಮನೆಯ ರೊಟ್ಟಿ ತುಂಬಿಕೊಂಡೇ ಬರಬೇಕು. ನಾಷ್ಟಾಕ್ಕೆ ಕೂಡುವ ಹೊತ್ತಿಗೆ ನಮ್ಮ ಬುಟ್ಟಿಯಲ್ಲಿ ನಮ್ಮ ರೊಟ್ಟಿಯೊಂದನ್ನು ಬಿಟ್ಟು ಓಣಿಯ ರೊಟ್ಟಿಯೆಲ್ಲ ಇರುತ್ತಿತ್ತು. ತಟ್ಟೆ ಹೊರುವ ಕೆಲಸ ಮಕ್ಕಳದು. ನಮ್ಮ ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ.

ಅಪ್ಪನ ತಾಯಿ, ನಮ್ಮ ಆಯಿ, ರೊಟ್ಟಿ ನೋಡಿದ ಕೂಡಲೇ ಅದು ಯಾರ ಕೈಯದು ಎಂದು ಹೇಳಿಬಿಡುತ್ತಿದ್ದಳು. ಎದುರುಮನೆಯ ನೀಲಮ್ಮ ಕಾಕಿಯ ರೊಟ್ಟಿ ದಪ್ಪ, ಹೊದ್ದುಕೊಂಡು ಮಲಗಬಹುದು. ನಮ್ಮ ಅವ್ವನ ರೊಟ್ಟಿ ಯಾವುದೆಂದು ಹೇಳಲು ಆಯಿಯೇ ಬೇಕಿರಲಿಲ್ಲ, ನನಗೂ ಗೊತ್ತಾಗುತ್ತಿತ್ತು. ಎಲ್ಲರೂ ರೊಟ್ಟಿಯ ತುಂಬ ಎಳ್ಳು ಚೆಲ್ಲಿದರೆ ಅವ್ವ ಅಂಚಿಗಷ್ಟೇ ಸುತ್ತಲೂ ಒತ್ತುತ್ತಿದ್ದಳು, ಸೀರೆಗೆ ಅಂಚು ಇಟ್ಟಂತೆ. "ನಡುವ ಹಾಕಿದರ ಸುಟ್ಟು ಕಹಿ ಆಗ್ತಾವ" ಎನ್ನುತ್ತಿದ್ದಳು. ಕೊನೆಗೆ ಉಳಿದ ಹಿಟ್ಟಿನಲ್ಲಿ ನನಗೆಂದೇ ಅಂಗೈ ಅಗಲದ ಒಂದು ಸಣ್ಣ ರೊಟ್ಟಿ ಬಡಿದು, ಬೆಣ್ಣೆ ನಿಲ್ಲಲಿ ಎಂದು ಅದರ ನಡುವೆ ಹೆಬ್ಬೆರಳಿನಿಂದ ಒಂದು ಗುಣಿ ಒತ್ತುತ್ತಿದ್ದಳು. ಆ ಗುಣಿಯಲ್ಲಿ ಬೆಣ್ಣೆ ಕರಗುವುದನ್ನು ನೋಡುತ್ತ ಕೂಡುವುದೇ ನನ್ನ ಹಬ್ಬ.

ನಾನು ಮೂರನೇ ಇಯತ್ತೆಯಲ್ಲಿದ್ದ ವರ್ಷ ಆಷಾಢ ಅರ್ಧವೂ ಕಳೆದಿರಲಿಲ್ಲ, ಅವ್ವನ ತವರು ಸಂತೆಕಲ್ಲೂರಿನಿಂದ ಮಾವ ಬಂದ. ಚಹಾ ಕೊಟ್ಟರೂ ಕುಡಿಯಲಿಲ್ಲ. ಅವ್ವ ಚೀಲಕ್ಕೆ ಎರಡು ಸೀರೆ ತುರುಕಿಕೊಂಡು, ನನ್ನ ತಲೆ ಮೇಲೆ ಕೈಯಿಟ್ಟು, ಟಂಟಂ ಆಟೋ ಹತ್ತಿ ಹೋದಳು. ಹಿಂದಿನ ರಾತ್ರಿ ಒಳಗಿನ ಖೋಲಿಯಲ್ಲಿ ಅಪ್ಪ, ಅವ್ವ ಬಹಳ ಹೊತ್ತು ಮಾತಾಡುತ್ತಿದ್ದದ್ದು ನಿದ್ದೆಗಣ್ಣಿನಲ್ಲಿ ಕೇಳಿಸಿತ್ತು. ಏನು ಮಾತು ಎಂದು ತಿಳಿದಿರಲಿಲ್ಲ.

"ಅವ್ವ ಎಲ್ಲಿಗೆ ಹೋದ್ಲು?" ಎಂದು ಆಯಿಯನ್ನು ಕೇಳಿದೆ.

"ಪಂಚಮಿಗೆ ತವರಿಗೆ ಹೋಗ್ಯಾಳ."

"ಪಂಚಮಿ ಇನ್ನ ದೂರ ಐತಲ್ಲ?"

"ಮುಂಚೇನ ಹೋಗ್ಯಾಳ."

"ಮತ್ತ ನನ್ನ್ಯಾಕ ಬಿಟ್ಟು ಹೋದ್ಲು?"

"ನಿಂಗ ಸಾಲಿ ಐತಲ್ಲಬೇ."

ಸಾಲಿ ಪ್ರತಿ ವರ್ಷವೂ ಇರುತ್ತಿತ್ತು. ಪ್ರತಿ ವರ್ಷವೂ ರೊಟ್ಟಿ ಹಬ್ಬದ ನಾಷ್ಟಾ ಮುಗಿಸಿ ಅವ್ವ, ನಾನು ಕೂಡಿಯೇ ಹೋಗುತ್ತಿದ್ದೆವು. ಅಪ್ಪನನ್ನು ಕೇಳಿದರೆ "ಬರ್ತಾಳ ಬಿಡು" ಎಂದು ಕಿರಾಣಿ ಅಂಗಡಿಗೆ ನಡೆದ. ಓಣಿಯ ಹೆಂಗಸರು ನನ್ನನ್ನು ಕಂಡರೆ "ಪಾಪ, ಕೂಸು" ಎಂದು ಗಲ್ಲ ಸವರಿ ಪೆಪ್ಪರಮೆಂಟು ಕೊಡತೊಡಗಿದರು. ಇದು ನನ್ನ ತಲೆಯನ್ನು ಇನ್ನಷ್ಟು ಕೆಡಿಸಿತು. ಪಂಚಮಿಗೆ ಓಣಿಯ ಅರ್ಧ ಹೆಂಗಸರು ತವರಿಗೆ ಹೋಗುತ್ತಾರೆ. ಅವರ ಮಕ್ಕಳಿಗೆ ಯಾರೂ ಪಾಪ ಅನ್ನುವುದಿಲ್ಲ. ಪಂಚಮಿಗೆ ಹೋದವಳಾದರೆ ಪಂಚಮಿ ಮುಗಿದ ಮೇಲೆ ಬರಬೇಕು. ಹಾಗಲ್ಲವಾದರೆ ಎಲ್ಲಿಗೆ ಹೋದವಳು? ಯಾವಾಗ ಬರುವವಳು? ಕೇಳಿದಷ್ಟೂ ಗೊಂದಲ ಹೆಚ್ಚುತ್ತಿತ್ತು. ಪೆಪ್ಪರಮೆಂಟು ಮಾತ್ರ ಒಂದೂ ಬಿಡದೆ ತಿಂದೆ, ಅದು ಬೇರೆ ಮಾತು.

ಶ್ರಾವಣ ಬಂತು. ಎಲ್ಲರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನಮ್ಮ ಮನೆಯೊಂದು ಸುಮ್ಮನಿತ್ತು. ಆಯಿಗೆ ರಟ್ಟೆ ನೋವು, ಕೈ ಎತ್ತಲು ಆಗುತ್ತಿರಲಿಲ್ಲ.

"ಈ ವರ್ಷ ಬ್ಯಾಡ ಬಿಡೋ ಮಲ್ಲ್ಯಾ. ಮನ್ಯಾಗ ಆರಾಮಿಲ್ಲ ಅಂತ ಹೇಳಿದರಾತು" ಎಂದಳು ಆಯಿ.

"ಯಾರಿಗೆ ಆರಾಮಿಲ್ಲ ಅಂತ ಕೇಳತಾರವ್ವ. ತಟ್ಟಿ ಹೋಗಲಿಲ್ಲಂದ್ರ ಓಣಿಗೆಲ್ಲ ಗೊತ್ತಾಗತೈತಿ" ಎಂದ ಅಪ್ಪ.

ಓಣಿಗೆಲ್ಲ ಗೊತ್ತೇ ಇತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ರೊಟ್ಟಿ ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಅಪ್ಪ ಕದ ಹಾಕಿ, ಕಿಟಕಿ ಮುಚ್ಚಿ, ಲುಂಗಿ ಎತ್ತಿಕಟ್ಟಿ ಒಲೆಯ ಮುಂದೆ ಕೂತ. ಪರಾತಕ್ಕೆ ಸಜ್ಜೆ ಹಿಟ್ಟು ಸುರಿದು ಕೊಡದ ನೀರು ಹಾಕಿ ಕಲಸಿದ. ಆಯಿ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಕೂಗಿಕೊಂಡಳು.

"ತಣ್ಣೀರು ಹಾಕಿದೇನೋ! ಸಜ್ಜಿ ಹಿಟ್ಟಿಗೆ ಜಿಗಿ ಇರಂಗಿಲ್ಲ, ಎಸರು ಕುದಿಸಿ ಹಾಕಬೇಕು."

"ಈಗ ಹೇಳಾಕತ್ತೀಯಲ್ಲವ್ವ!"

ಕಲಸಿದ ಹಿಟ್ಟು ಚೆಲ್ಲಲು ಮನಸ್ಸಿಲ್ಲದೆ ಅಪ್ಪ ಬಡಿಯಲು ಕೂತ. ಒಂದು ಕಡೆ ಬಡಿದರೆ ಇನ್ನೊಂದು ಕಡೆ ಬಿರಿಯಿತು. ಬಿರಿದಲ್ಲಿ ತೇಪೆ ಹಚ್ಚಿದ. ತೇಪೆಯ ಪಕ್ಕ ಮತ್ತೆ ಬಿರಿಯಿತು. ಅವ್ವ ಬಡಿದರೆ ಸದ್ದು ಒಂದೇ ಸಮ ಬರುತ್ತಿತ್ತು. ಅಪ್ಪನದು ಎರಡು ಬಡಿತ, ಆಮೇಲೆ ನಿಟ್ಟುಸಿರು, ಮತ್ತೆ ಎರಡು ಬಡಿತ. ಕದ ಹಾಕಿಯೂ ಏನು ಉಪಯೋಗವಾಯಿತೋ ದೇವರೇ ಬಲ್ಲ. ಹೆಂಚಿನ ಮೇಲೆ ಹಾಕುವಾಗ ಅರ್ಧ ಒಳಗೆ, ಅರ್ಧ ಹೊರಗೆ. ಆಯಿ ಮೊದಲು ಬೈದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಡೆಗೆ ಆ ಸೆರಗಿನಿಂದಲೇ ಕಣ್ಣು ಒರೆಸಿಕೊಂಡಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂಬುದೂ ಆ ದಿನ ನನಗೆ ತಿಳಿಯಲಿಲ್ಲ.

ಇದ್ದುದರಲ್ಲಿ ನೆಟ್ಟಗಿದ್ದ ರೊಟ್ಟಿಗಳನ್ನು ಆರಿಸಿ ತಟ್ಟೆಗಿಟ್ಟು ಅಪ್ಪ ಹೇಳಿದ, "ಯಾರಾದರೂ ಕೇಳಿದರ ಆಯಿ ಬಡದಾಳ ಅನ್ನು."

ಮೊದಲು ಹೋದದ್ದು ನೀಲಮ್ಮ ಕಾಕಿಯ ಮನೆಗೆ. ಅವಳ ತವರೂ ಸಂತೆಕಲ್ಲೂರೇ. ಅವಳನ್ನು ಪಂಚಮಿಗೆ ಕರೆಯಲು ಅವಳ ಅಣ್ಣ ಬೆಳಿಗ್ಗೆಯೇ ಬಂದು ಪಡಸಾಲೆಯಲ್ಲಿ ಕೂತಿದ್ದ. ಕಾಕಿ ಬಟ್ಟೆ ಸರಿಸಿ ನೋಡಿದಳು.

"ಯಾರು ಬಡದಾರಬೇ ರೊಟ್ಟಿ?"

"ಆಯಿ."

"ಹೌದೇನು!" ಎಂದಳು. ನಗಲಿಲ್ಲ. ಒಳಗೆ ಹೋಗಿ, ಬಹಳ ಹೊತ್ತು ಮಾಡಿ, ತಟ್ಟೆ ತುಂಬಿಸಿ ತಂದು, "ಇದನ್ನ ನೆಟ್ಟಗ ಮನಿಗೆ ಒಯ್ಯಿ" ಎಂದಳು.

ಹಾಗೆ ಮನೆಮನೆ ತಿರುಗಿ, ಬಂದ ರೊಟ್ಟಿಯನ್ನೆಲ್ಲ ಒಂದೇ ಬುಟ್ಟಿಗೆ ಸುರಿದೆ. ಮೂವರೂ ನಾಷ್ಟಾಕ್ಕೆ ಕೂತೆವು. ಬುಟ್ಟಿಗೆ ಕೈ ಹಾಕಿ ಕೆದಕುತ್ತಿದ್ದ ನನ್ನ ಬೆರಳಿಗೆ ಏನೋ ಸಣ್ಣದು ಸಿಕ್ಕಿತು. ಅಂಗೈ ಅಗಲದ ಸಜ್ಜೆ ರೊಟ್ಟಿ. ಅಂಚಿಗಷ್ಟೇ ಎಳ್ಳು. ನಡುವೆ ಹೆಬ್ಬೆರಳಿನ ಗುಣಿ.

"ಅವ್ವ!" ಎಂದೆ.

ಆಯಿ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಕೈಯಲ್ಲಿದ್ದ ರೊಟ್ಟಿ ನೋಡಿದ. ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. ನಾನು ತಿನ್ನದೆ ಎದ್ದು ಓಡಿದೆ.

ಅವ್ವ ಓಣಿಯಲ್ಲೇ ಯಾರದೋ ಮನೆಯಲ್ಲಿದ್ದಾಳೆ ಎಂಬುದು ನನಗೆ ಖಾತ್ರಿಯಾಗಿತ್ತು. ಯಾವ ಮನೆ ಎಂಬುದಷ್ಟೇ ಗೊತ್ತಿರಲಿಲ್ಲ. ಎಲ್ಲ ತಟ್ಟೆಯ ರೊಟ್ಟಿಯನ್ನೂ ಒಂದರಲ್ಲೊಂದು ಕಲಸಿಬಿಟ್ಟಿದ್ದೆನಲ್ಲ! ಒಂದೊಂದೇ ಮನೆಯ ಹೊಸ್ತಿಲಿಗೆ ಹೋಗಿ, "ನಮ್ಮವ್ವ ನಿಮ್ಮ ಮನ್ಯಾಗ ಅದಾಳೇನ್ರೀ?" ಎಂದು ಕೇಳಿದೆ. ಒಬ್ಬಳು ಅಜ್ಜಿ "ಇಲ್ಲವ್ವ" ಎಂದು ಮುಖ ತಿರುಗಿಸಿಕೊಂಡಳು. ಇನ್ನೊಂದು ಮನೆಯ ಸೊಸೆ ಫಕ್ಕನೆ ನಕ್ಕು, ತಕ್ಷಣ ನಾಲಿಗೆ ಕಚ್ಚಿಕೊಂಡಳು. ನಾನು ಅವರ ಕದದ ಹಿಂದೆ, ಹೊರಸಿನ ಕೆಳಗೆ ಎಲ್ಲ ಬಗ್ಗಿ ನೋಡಿದೆ. ಅವ್ವನಂಥ ದೊಡ್ಡವಳು ಹೊರಸಿನ ಕೆಳಗೆ ಯಾಕೆ ಕೂಡುತ್ತಾಳೆ ಎಂದು ಆಗ ಹೊಳೆಯಲಿಲ್ಲ.

ನೀಲಮ್ಮ ಕಾಕಿ ನನ್ನನ್ನು ಕಂಡು ಒಳಗೆ ಕರೆದು ಅಡುಗೆಮನೆಯಲ್ಲಿ ಕೂಡಿಸಿಕೊಂಡಳು.

"ನಿಮ್ಮವ್ವ ಇಲ್ಲಿಲ್ಲವ್ವ ಪಾರಿ. ಸಂತೆಕಲ್ಲೂರಾಗ ಅದಾಳ. ನಮ್ಮಣ್ಣನ ಕೈಯಾಗ ಡಬ್ಬಿ ಕಳಿಸ್ಯಾಳ. ಹಬ್ಬದ ದಿನಾನೂ ಕೂಸು ಸುಸಲಾ ತಿಂದೀತು, ನಿಮ್ಮ ರೊಟ್ಟ್ಯಾಗ ಸೇರಿಸಿ ಕೊಡು ಅಂದಾಳ. ಯಾರ ಮುಂದೂ ಹೇಳಬ್ಯಾಡ ಅಂದಿದ್ಲು. ನೀ ನೋಡಿದರ ಓಣಿ ತುಂಬ ಸಾರಿಬಂದಿ."

"ಬರ್ತಾಳೇನು ಕಾಕಿ?"

ಕಾಕಿ ಎದ್ದಳು. ಡಬ್ಬಿ ತೊಳೆದು ಒರೆಸಿದಳು. ಮಧ್ಯಾಹ್ನ ಅವಳೇ ಆ ಊರಿಗೆ ಹೊರಡುವವಳು, ಡಬ್ಬಿ ಖಾಲಿ ಒಯ್ಯುವಂತಿಲ್ಲ. ತನ್ನ ದಪ್ಪ ರೊಟ್ಟಿಗಳತ್ತ ಕೈ ಚಾಚಿದಳು. ನಮ್ಮ ಮನೆಯಿಂದ ಹೋದ ರೊಟ್ಟಿ ಅಲ್ಲೇ ಪಕ್ಕದಲ್ಲಿತ್ತು.

"ಅದನ್ನ ಹಾಕು" ಎಂದೆ.

"ಇದನ್ನೇನು? ಬ್ಯಾಡಬೇ, ನಿಮ್ಮವ್ವ ನಗತಾಳ."

"ಅದು ನಮ್ಮ ಮನೀದು. ಅಪ್ಪ ಬಡದಾನ."

ಹೇಳಬಾರದ್ದನ್ನು ಹೇಳಿಬಿಟ್ಟೆ. ಕಾಕಿ ನನ್ನನ್ನೂ ರೊಟ್ಟಿಯನ್ನೂ ನೋಡಿ, ಅದರಲ್ಲಿ ಹೆಚ್ಚು ತೇಪೆ ಇದ್ದ ಒಂದನ್ನು ಆರಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆದೆವು. ಓಣಿಯ ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಗುಂಯ್ಯೆಂದು ತಿರುಗಿಸಿದರು. ನಾನು ಕಟ್ಟೆಯ ಮೇಲೆ ಕೂತು ರಸ್ತೆ ನೋಡಿದೆ. ಸಣ್ಣ ರೊಟ್ಟಿಯನ್ನು ತಿಂದಿರಲಿಲ್ಲ. ತಿಂದರೆ ಅವ್ವ ಬರುವುದಿಲ್ಲ ಎಂದು ನನಗೆ ನಾನೇ ಏನೋ ಕಟ್ಟಿಕೊಂಡಿದ್ದೆ.

ಆಡಿ ಆಡಿ ಹುಡುಗರ ದಾರವೆಲ್ಲ ಹರಿದು, ಕೊಬ್ಬರಿ ಹೊಟ್ಟೆ ಸೇರಿದ ಮೇಲೆ, ಒಂದು ಮಧ್ಯಾಹ್ನ ಟಂಟಂನಿಂದ ನೀಲಮ್ಮ ಕಾಕಿ ಇಳಿದಳು. ಅವಳ ಹಿಂದೆ ಅವ್ವ. ನಾನು ಎತ್ತಿಕೊಳ್ಳಲು ಆಗದಷ್ಟು ದೊಡ್ಡವಳಾಗಿದ್ದೆ, ಆದರೂ ಎತ್ತಿಕೊಂಡಳು.

ಅಪ್ಪ ಊಟಕ್ಕೆ ಬಂದಾಗ ಅವ್ವ ಡಬ್ಬಿ ತೆಗೆದು ಆ ತೇಪೆಯ ರೊಟ್ಟಿಯನ್ನು ಅವನ ಮುಂದಿಟ್ಟಳು. ಸ್ವಲ್ಪವೂ ಮುರಿದಿರಲಿಲ್ಲ.

"ಎಸರು ಕುದಿಸಿದ್ದಿಲ್ಲೇನ್ರೀ?"

"ಕುದಿಸಬೇಕಂತ ಯಾರಿಗೆ ಗೊತ್ತಿತ್ತು?"

"ಕೇಳಬೇಕಿತ್ತು."

"ಯಾರನ್ನ ಕೇಳ್ಲಿ?" ಎಂದ ಅಪ್ಪ. ದನಿ ಸಣ್ಣದಾಗಿತ್ತು.

ಇದು ಜಗಳವೋ ರಾಜಿಯೋ ನನಗೆ ಗೊತ್ತಾಗಲಿಲ್ಲ. ಅವ್ವ ರೊಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ಅಪ್ಪನಿಗೆ ಕೊಟ್ಟು ಇನ್ನೊಂದನ್ನು ತಾನು ಕಡಿದಳು. ಇಬ್ಬರೂ ಕಟಕಟ ಅಗಿದರು. ಆಗ ನಾನೂ ನನ್ನ ಸಣ್ಣ ರೊಟ್ಟಿ ತೆಗೆದು ಗುಣಿಗೆ ಬೆಣ್ಣೆ ಹಾಕಿಸಿಕೊಂಡೆ.

ಈಗ ನಾನಿರುವುದು ಸಿಂಧನೂರಿನಲ್ಲಿ. ಅಪ್ಪ ಇಲ್ಲ. ಅವ್ವ ನನ್ನ ಜೊತೆ ಇದ್ದಾಳೆ. ರೊಟ್ಟಿ ಹಬ್ಬಕ್ಕೆ ನಮ್ಮ ಕಾಲೊನಿಯಲ್ಲೂ ತಟ್ಟೆಗಳು ಹೋಗುತ್ತವೆ, ಬರುತ್ತವೆ. ಆದರೆ ರೊಟ್ಟಿ ಮಾತ್ರ ಎಲ್ಲರದೂ ಒಂದೇ ಅಂಗಡಿಯದು, ಮಷೀನಿನಲ್ಲಿ ಒತ್ತಿದ್ದು. ನಾನೂ ಅಲ್ಲಿಂದಲೇ ತರುತ್ತೇನೆ, ಯಾರನ್ನು ಆಡಿಕೊಳ್ಳಲಿ? ಹೋದ ವರ್ಷ ನಾಷ್ಟಾಕ್ಕೆ ಕೂತಾಗ ಅವ್ವ ಬಂದ ರೊಟ್ಟಿಗಳನ್ನು ಒಂದೊಂದೇ ಎತ್ತಿ ತಿರುಗಿಸಿ ನೋಡಿದಳು.

"ಇದು ಯಾರ ಕೈದು?"

"ಅಂಗಡೀದವ್ವ."

"ಇದು?"

"ಅದೂ ಅಂಗಡೀದ."

ನನ್ನ ಮಗಳು ಬೆಣ್ಣೆ ಬೇಕೆಂದಳು. ಅವ್ವ ರೊಟ್ಟಿಯ ನಡುವೆ ಬೆಣ್ಣೆ ಇಟ್ಟಳು. ಅದು ಜಾರಿ ತಟ್ಟೆಗೆ ಬಿತ್ತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಅವತ್ತು ನಾನು ಒಂದು ಬುಟ್ಟಿ ರೊಟ್ಟಿಯಲ್ಲಿ ನಮ್ಮ ಅವ್ವನನ್ನು ಹುಡುಕಿಕೊಂಡಿದ್ದೆ. ನನ್ನ ಮಗಳು ನನ್ನನ್ನು ಯಾವುದರಲ್ಲಿ ಹುಡುಕಿಯಾಳು?

ಇಷ್ಟು ವರ್ಷ ಕೇಳದ್ದನ್ನು ಕೇಳಿಯೇಬಿಟ್ಟೆ.

"ಅವ್ವ, ಆ ವರ್ಷ ನೀ ಯಾಕ ಹೋಗಿದ್ದಿ?"

ಅವ್ವ ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

"ಪಂಚಮಿಗೆ ಹೋಗಿದ್ದೆ."

"ಅಷ್ಟು ಮುಂಚೇನ?"

"ಹ್ಞೂಂ, ಮುಂಚೇನ" ಎಂದಳು. ಅವಳ ಹೆಬ್ಬೆರಳು ಆ ರೊಟ್ಟಿಯ ನಡುವೆ ಒತ್ತಿತು. ರೊಟ್ಟಿ ಮುರಿಯಿತು.