ತಲೆ ತಗ್ಗಿಸದವನ ಈಜು

ತಲೆಯಲ್ಲಿ ನಾಲ್ಕು ಕೂದಲೂ ಉಳಿಯದ ನನ್ನಂಥವನಿಗೂ ಈಜುಕೊಳದಲ್ಲಿ ಟೋಪಿ ಕಡ್ಡಾಯವೆನ್ನುವುದು ಎಂಥ ವಿಡಂಬನೆ, ನೀವೇ ಹೇಳಿ! ಗವಿಪುರದಿಂದ ದಿನವೂ ಬಸವನಗುಡಿಯ ಕೊಳಕ್ಕೆ ನಡೆದು ಹೋಗುವ ಅರವತ್ಮೂರರ ನಿವೃತ್ತ ಗುಮಾಸ್ತ ನಾನು. ಪ್ರಕೃತಿಯೇ ಇಷ್ಟು ನುಣುಪು ಮಾಡಿಕೊಟ್ಟ ಈ ತಲೆಯೇ ನನ್ನ ಈಜಿನ ಪರಮಶತ್ರುವೆಂದು ತಿಳಿದದ್ದು ಮಾತ್ರ ಈಚೆಗೆ.

ನಾನು ಈಜು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಮೇಲಿನಿಂದ ಯಾರು ಧುಮುಕುತ್ತಾರೋ, ಕಲ್ಲಿನ ಸಂದಿಯಿಂದ ಯಾವ ನೀರುಹಾವು ಹೊರಡುತ್ತದೋ ಎಂದು ಬಾವಿಯಲ್ಲಿ ಸದಾ ತಲೆಯೆತ್ತಿ ನೋಡುತ್ತಿರಬೇಕು. ಆ ಅಭ್ಯಾಸವನ್ನೇ ಇಲ್ಲಿಗೂ ತಂದೆ. ನನ್ನ ಮಗಳ ವಯಸ್ಸಿನ ತರಬೇತುದಾರಳು ಮೊದಲ ದಿನವೇ ನಕ್ಕುಬಿಟ್ಟಳು.

"ಸಾರ್, ತಲೆ ಎತ್ತಿದ್ರೆ ಕಾಲು ಮುಳುಗುತ್ತೆ. ಆಮೇಲೆ ಇಡೀ ಮೈನ ನೀರು ತಡಿಯುತ್ತೆ. ಕೆಳಗಡೆ ನೋಡ್ಕೊಂಡು ಬನ್ನಿ."

ವೇಗ ಇಮ್ಮಡಿಯಾದರೆ ನೀರಿನ ಪ್ರತಿರೋಧ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದಂತೆ; ಬಲ ಹಾಕುವುದಕ್ಕಿಂತ ಮೈಯನ್ನು ನೀರಿಗೆ ಅಡ್ಡವಾಗಿಸದಿರುವುದೇ ಮುಖ್ಯವಂತೆ. ಆದ್ದರಿಂದಲೇ ಪಕ್ಕದ ಸಾಲಿನ ಸಣಕಲು ಹುಡುಗಿಯರು ಮೈಯನ್ನು ನೀಳವಾಗಿ ಚಾಚಿ ಸದ್ದಿಲ್ಲದೆ ಜಾರಿಹೋಗುತ್ತಿದ್ದರೆ, ನಾನು ನೀರನ್ನು ಗುದ್ದಿ ಗುದ್ದಿ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಸಾಲಿನ ಹಗ್ಗಕ್ಕೆ ಜೋತುಬೀಳುತ್ತಿದ್ದೆ.

ಹೀಗಿರುವಾಗ ಒಂಬತ್ತು ವರ್ಷದ ಮೊಮ್ಮಗಳು ಅನ್ವಿ, ಕೊಳದವರು ನಡೆಸುವ ಕುಟುಂಬ ರಿಲೇಗೆ ನನ್ನ ಹೆಸರು ಕೊಟ್ಟು ಬಂದಳು. ಮೊದಲು ಅವಳು, ಆಮೇಲೆ ಅವಳಮ್ಮ, ಕೊನೆಗೆ ನಾನು. ಚೆನ್ನಾಗಿ ಈಜುವ ಅಪ್ಪನನ್ನು ಬಿಟ್ಟು ನನ್ನನ್ನೇ ಆರಿಸಿದ್ದಳು! ಹಗ್ಗ ಹಿಡಿದೆಳೆದರೆ ಇಡೀ ತಂಡ ಹೊರಗೆಂಬ ನಿಯಮ ಕೇಳಿ ನನ್ನ ನಿದ್ದೆ ಹಾರಿಹೋಯಿತು.

"ತಾತ, ಫಸ್ಟ್ ಬರ್ಬೇಕು ಅಂತೇನಿಲ್ಲ. ಹಗ್ಗ ಒಂದು ಹಿಡೀಬೇಡಿ," ಎಂದಳು.

ಮುಂದೇನಿದೆಯೆಂದು ನೋಡದೆ ಹೋಗುವ ಜಾಯಮಾನ ನನ್ನದಲ್ಲ. ನಿಂತ ಬಸ್ಸಿನಲ್ಲಿ ಕೂತರೂ ಮುಂದಕ್ಕೆ ಇಣುಕಿ ನೋಡುವವನು ನಾನು. ಆದರೂ ರಿಲೇಯ ದಿನ ನನ್ನ ಸರದಿ ಬಂದಾಗ ಕೊಳದ ತಳದ ಕಪ್ಪು ಗೆರೆಯನ್ನಷ್ಟೇ ನೋಡುತ್ತ ಹೊರಟೆ. ಅರ್ಧ ದಾರಿಯಲ್ಲಿ ಮೇಲೆತ್ತಿ ನೋಡಲು ಕತ್ತು ತುಡಿಯಿತು. ತಡೆದುಕೊಂಡು, ಉಸಿರಿಗಾಗಿ ಮುಖವನ್ನು ಪಕ್ಕಕ್ಕಷ್ಟೇ ಹೊರಳಿಸಿ, ಮತ್ತೆ ತಗ್ಗಿಸಿದೆ. ಕಾಲು ತಾನಾಗಿ ಮೇಲೆದ್ದಿತು, ನೀರು ಹಗುರವಾಯಿತು. ಇಷ್ಟು ವರ್ಷ ನಾನೇ ಅಡ್ಡ ನಿಂತು ನೀರನ್ನು ದೂರುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕೈಗೆ ಗೋಡೆ ತಗುಲಿದ ಮೇಲೆಯೇ ತಲೆಯೆತ್ತಿದ್ದು. ಉಳಿದ ತಂಡಗಳವರೆಲ್ಲ ಆಗಲೇ ಟವೆಲ್ಲಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದರು. ದಡದಲ್ಲಿ ಅನ್ವಿ ಯಾವುದೋ ಅಪರಿಚಿತ ಹುಡುಗಿಯ ತೋಳು ಹಿಡಿದು ನನ್ನತ್ತ ಬೆರಳು ತೋರಿಸುತ್ತಿದ್ದಳು:

"ಲಾಸ್ಟ್ ಬಂದ್ರಲ್ಲ, ಅವ್ರೇ ನಮ್ ತಾತ!"